ಅಪರಾಧಿಯ ಮನಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವುದಾದರೂ ಕೊಲೆ ಪ್ರಕರಣ ಸುದ್ದಿವಾಹಿನಿಗಳಲ್ಲಿ ವಾರಗಟ್ಟಲೆ ಓಡಿದಾಗ ಈ ಪ್ರಶ್ನೆಗಳು ಬರುತ್ತವೆ. ಕೇಳುವವರು ಕಾನೂನು ಓದುವವರಿರಬಹುದು, ಮನಶ್ಶಾಸ್ತ್ರ ಓದುವವರಿರಬಹುದು, ಮಗನ ಬಗ್ಗೆ ಆತಂಕಗೊಂಡ ತಾಯಿಯಿರಬಹುದು. ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಅವೇ. ಕೆಲವಕ್ಕೆ ನಾಲ್ಕು ಸಾಲು ಸಾಕು, ಕೆಲವಕ್ಕೆ ಸಾಲದು.

ಅಪರಾಧ ಮಾಡುವವರ ಮನಸ್ಸೇ ಬೇರೆ ಥರ ಇರುತ್ತದೆ, ಅಲ್ಲವೇ?

ಹಾಗೆ ನಂಬುವುದು ಹಿತ. ಅವರು ನಮ್ಮಂಥವರಲ್ಲ ಎಂದಾದರೆ ನಾವು ನೆಮ್ಮದಿಯಾಗಿ ಮಲಗಬಹುದು. ಇಟಲಿಯ ವೈದ್ಯ ಚೆಸಾರೆ ಲೊಂಬ್ರೊಸೊ ಈ ನಂಬಿಕೆಗೆ ವಿಜ್ಞಾನದ ಬಟ್ಟೆ ತೊಡಿಸಿದ. ವಿಲೆಲ್ಲಾ ಎಂಬ ಕೈದಿ ಸತ್ತ ಮೇಲೆ ಅವನ ತಲೆಬುರುಡೆಯ ಒಳಹಿಂಭಾಗದಲ್ಲಿ ಒಂದು ತಗ್ಗು ಕಂಡು, ಅಪರಾಧಿ ಎಂದರೆ ವಿಕಾಸದಲ್ಲಿ ಹಿಂದಕ್ಕೆ ಹೋಗಿ ಹುಟ್ಟಿದವನು ಎಂದು 1876ರಲ್ಲಿ ಪುಸ್ತಕ ಬರೆದ. ದೊಡ್ಡ ದವಡೆ, ಚಾಚಿದ ಕಿವಿ, ಮೈಮೇಲಿನ ಹಚ್ಚೆ, ಎಲ್ಲವೂ ಅವನಿಗೆ ಗುರುತುಗಳೇ. ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು, ಕಾಲೇಜು ಹುಡುಗರು ಮತ್ತು ಸೈನಿಕರೊಂದಿಗೆ ಹೋಲಿಸಿ, ಅಂಥ ದೇಹಲಕ್ಷಣ ಯಾವುದೂ ಇಲ್ಲವೆಂದು 1913ರಲ್ಲಿ ಪ್ರಕಟಿಸಿದ.

ಈಗ ಬುರುಡೆಯ ಜಾಗಕ್ಕೆ ಸ್ಕ್ಯಾನ್ ಬಂದಿದೆ. 1997ರಲ್ಲಿ ಏಡ್ರಿಯನ್ ರೇನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಕೊಲೆ ಆರೋಪ ಹೊತ್ತ 41 ಮಂದಿಯ ಮೆದುಳಿನ ಚಿತ್ರ ತೆಗೆದು, ಸಂಯಮಕ್ಕೆ ಬೇಕಾದ ಹಣೆಯ ಹಿಂದಿನ ಭಾಗದಲ್ಲಿ ಚಟುವಟಿಕೆ ಸರಾಸರಿಯಲ್ಲಿ ಕಡಿಮೆ ಎಂದರು. ಆದರೆ ಅವರೆಲ್ಲರೂ ಮಾನಸಿಕ ಅಸ್ವಸ್ಥತೆಯ ವಾದ ಹೂಡಿ ಪರೀಕ್ಷೆಗೆ ಬಂದವರು. ಎಲ್ಲ ಕೊಲೆಗಾರರ ಪ್ರತಿನಿಧಿಗಳಲ್ಲ. ಸರಾಸರಿ ಎನ್ನುವುದು ಗುಂಪಿನ ಮಾತು. ನಿಮ್ಮೆದುರು ಕೂತ ಒಬ್ಬನ ಸ್ಕ್ಯಾನ್ ಹಿಡಿದು ಇವನು ಕೊಲೆ ಮಾಡುತ್ತಾನೆ ಅಥವಾ ಮಾಡುವುದಿಲ್ಲ ಎಂದು ಹೇಳಬಲ್ಲವರು ಯಾರೂ ಇಲ್ಲ.

ಹಾಗಾದರೆ ‘ಸೈಕೋ’ ಕೊಲೆಗಾರರು ಎನ್ನುತ್ತಾರಲ್ಲ, ಅವರು?

ಟಿವಿಯವರು ಸೈಕೋ ಎಂದು ಕರೆಯುವವರಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಗೆಯವರು ಕಲಸಿಹೋಗಿದ್ದಾರೆ. ಒಬ್ಬನಿಗೆ ಇಲ್ಲದ ದನಿ ಕೇಳಿಸುತ್ತದೆ, ಪಕ್ಕದ ಮನೆಯವರು ತನಗೆ ವಿಷ ಹಾಕುತ್ತಿದ್ದಾರೆ ಎಂಬ ಭ್ರಮೆಯಿದೆ. ಅವನದು ಸೈಕೋಸಿಸ್, ಔಷಧಕ್ಕೆ ಬಗ್ಗುವ ಕಾಯಿಲೆ. ಇನ್ನೊಬ್ಬನಿಗೆ ಭ್ರಮೆಯೇನೂ ಇಲ್ಲ. ನಯವಾಗಿ ಮಾತಾಡುತ್ತಾನೆ, ಸರಾಗ ಸುಳ್ಳು ಹೇಳುತ್ತಾನೆ, ಇನ್ನೊಬ್ಬರ ನೋವು ಅವನನ್ನು ತಟ್ಟುವುದಿಲ್ಲ. ಅವನದು ಸೈಕೋಪತಿ, ಸ್ವಭಾವದ ದೋಷ. ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿ ಇದನ್ನು ವಿವರವಾಗಿ ಚಿತ್ರಿಸಿದ. ಕೆನಡಾದ ರಾಬರ್ಟ್ ಹೇರ್ ಅದನ್ನು ಅಳೆಯಲು 20 ಅಂಶಗಳ ಪಟ್ಟಿ ಮಾಡಿದರು: ಪ್ರತಿ ಅಂಶಕ್ಕೆ ಸೊನ್ನೆಯಿಂದ ಎರಡು ಅಂಕ, ಒಟ್ಟು 40, ಸಾಮಾನ್ಯವಾಗಿ 30 ದಾಟಿದರೆ ಸೈಕೋಪತಿ. ತರಬೇತಾದವರು ಗಂಟೆಗಟ್ಟಲೆ ಸಂದರ್ಶನ ಮಾಡಿ, ಕಡತಗಳನ್ನೂ ಓದಿ ಅಂಕ ಹಾಕಬೇಕು. ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರಿಸಿ ‘ನಿಮ್ಮ ಬಾಸ್ ಸೈಕೋಪಾತಾ?’ ಎಂದು ತಿಳಿಯುವ ಆಟಕ್ಕೂ ಇದಕ್ಕೂ ಸಂಬಂಧವಿಲ್ಲ.

ಜೈಲಿನಲ್ಲಿರುವವರಲ್ಲೂ ಬಹುಪಾಲು ಜನ ಈ ಗೆರೆ ದಾಟುವುದಿಲ್ಲ.

ಮಾನಸಿಕ ಕಾಯಿಲೆ ಇರುವವರಿಂದ ಅಪಾಯ ಹೆಚ್ಚೇ?

ಬಹುತೇಕರಿಂದ ಇಲ್ಲ. ಹಿಂಸೆಗೆ ಗುರಿಯಾಗುವ ಭಯ ಅವರಿಗೇ ಹೆಚ್ಚು. ಇಲ್ಲದ ದನಿ, ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾದಂಥ ಕೆಲವು ಕಾಯಿಲೆಗಳಲ್ಲಿ ಅಪಾಯ ಏರುವುದು ನಿಜ. ಅದರಲ್ಲಿ ದೊಡ್ಡ ಪಾಲು ಕುಡಿತ, ಗಾಂಜಾ ಸೇರಿದಾಗ ಮತ್ತು ಚಿಕಿತ್ಸೆ ನಿಂತುಹೋದಾಗಿನದು.

ಜೈಲಿನೊಳಗಿನ ಚಿತ್ರ ಬೇರೆ. ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ 5,000ಕ್ಕೂ ಹೆಚ್ಚು ಬಂದಿಗಳನ್ನು ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಹೊರಬಂತು. ಮಾನಸಿಕ ತೊಂದರೆ ಅಥವಾ ಮಾದಕ ವ್ಯಸನ ಇದ್ದವರು ನೂರಕ್ಕೆ ಸುಮಾರು 80. ವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದರೆ ಅದು 28ರ ಆಸುಪಾಸಿಗೆ ಇಳಿಯಿತು. ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿರುವುದು ಹೆಂಡ, ತಂಬಾಕು, ಗಾಂಜಾ. ಜೈಲಿಗೆ ಬಂದ ಮೇಲೆ, ಜಾಮೀನು ಸಿಗದೆ ವರ್ಷಗಟ್ಟಲೆ ಕೊಳೆಯುವಾಗ ಹತ್ತಿಕೊಂಡ ಖಿನ್ನತೆಯೂ ಇಂಥ ಲೆಕ್ಕದಲ್ಲಿ ಸೇರುತ್ತದೆ. ಆದ್ದರಿಂದ ‘ಕಾಯಿಲೆಯಿಂದ ಅಪರಾಧ’ ಎಂದು ಈ ಅಂಕಿಯನ್ನು ಓದುವುದು ತಪ್ಪು.

ಅಪರಾಧ ರಕ್ತದಲ್ಲೇ ಬರುತ್ತದೆಯೇ?

ಹುಟ್ಟಿನಿಂದ ಬರುವ ಪ್ರವೃತ್ತಿ ಇಲ್ಲವೇ ಇಲ್ಲ ಎಂದು ಹೇಳಲಾಗದು. ಡೆನ್ಮಾರ್ಕಿನಲ್ಲಿ ದತ್ತು ಹೋದ 14,000ಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಸಾರ್ನೊಫ್ ಮೆಡ್ನಿಕ್ ತಂಡ ನೋಡಿ 1984ರಲ್ಲಿ ಪ್ರಕಟಿಸಿತು. ಹೆತ್ತವರಿಗೆ ಶಿಕ್ಷೆಯಾಗಿದ್ದರೆ, ಬೇರೆ ಮನೆಯಲ್ಲಿ ಬೆಳೆದರೂ ಮಗನಿಗೆ ಶಿಕ್ಷೆಯಾಗುವ ಸಂಭವ ಸ್ವಲ್ಪ ಹೆಚ್ಚಿತ್ತು. ಆದರೆ ಅದು ಕಳ್ಳತನದಂಥ ಆಸ್ತಿ ಅಪರಾಧಗಳಲ್ಲಿ. ಹಿಂಸೆಯ ಅಪರಾಧಗಳಲ್ಲಿ ಆ ನಂಟು ಕಾಣಲಿಲ್ಲ. ಪಿತ್ರಾರ್ಜಿತವಾಗಿ ಬರುವುದು ದುಡುಕುತನ, ಹೆದರಿಕೆ ಕಡಿಮೆಯಿರುವುದು, ಬೇಗ ಬೇಸರವಾಗುವುದು ಇಂಥವು. ಇದೇ ಸ್ವಭಾವದವನು ಅಗ್ನಿಶಾಮಕ ದಳಕ್ಕೂ ಸೇರಬಹುದು.

ಆದರೆ ನಮ್ಮಲ್ಲಿ ಈ ಪ್ರಶ್ನೆ ಒಬ್ಬ ವ್ಯಕ್ತಿಯ ವಂಶವಾಹಿಗೆ ನಿಲ್ಲುವುದಿಲ್ಲ, ಜಾತಿಗೆ ಹೋಗಿ ಮುಟ್ಟುತ್ತದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಮೂಲಕ ಬ್ರಿಟಿಷರು ಇಡೀ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿದರು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅಂಥವರನ್ನು ಬೇಲಿಯೊಳಗೆ ಕೂಡಿಹಾಕುವ ಸೆಟ್ಲ್‌ಮೆಂಟುಗಳಿದ್ದವು. ಹೊತ್ತು ಹೊತ್ತಿಗೆ ಹಾಜರಿ ಹಾಕಬೇಕು, ಊರು ಬಿಡಲು ಚೀಟಿ ಬೇಕು. ಹುಬ್ಬಳ್ಳಿಯಲ್ಲಿ ಆ ಜಾಗವನ್ನು ಇವತ್ತಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಗಿ ಅವರು ವಿಮುಕ್ತರಾದರು. ಬೆನ್ನಿಗೇ ಹಲವು ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು. ವಿಮುಕ್ತ ಸಮುದಾಯದವರನ್ನು ಹುಟ್ಟಿನ ಕಾರಣಕ್ಕೇ ರೂಢಿಗತ ಅಪರಾಧಿಗಳಂತೆ ಕಾಣುವುದರ ವಿರುದ್ಧ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ, ಜೈಲುಗಳೊಳಗಿನ ಜಾತಿ ತಾರತಮ್ಯದ ಪ್ರಕರಣದಲ್ಲಿ ಮತ್ತೆ ಹೇಳಬೇಕಾಯಿತು.

ಇಲ್ಲಿ ಮನಶ್ಶಾಸ್ತ್ರಕ್ಕೂ ಪಾಠವಿದೆ. ಊರಿನಲ್ಲಿ ಕಳವಾದರೆ ಮೊದಲು ಆ ಕೇರಿಗೇ ಜೀಪು ಹೋಗುತ್ತದೆ. ಹೋದ ಕಡೆ ಬಂಧನ ಹೆಚ್ಚು. ಬಂಧನ ಹೆಚ್ಚಾದ್ದರಿಂದ ದಾಖಲೆ ಹೆಚ್ಚು. ದಾಖಲೆ ನೋಡಿ ಮುಂದಿನ ಸಲವೂ ಅಲ್ಲಿಗೇ. ಕೆಲಸ ಕೊಡುವವರಿಲ್ಲದ ಹುಡುಗನಿಗೆ ಜನ ತನ್ನನ್ನು ಏನೆಂದುಕೊಂಡಿದ್ದಾರೋ ಅದೇ ಆಗಿಬಿಡುವ ದಾರಿ ಸುಲಭವಾಗಿ ತೆರೆಯುತ್ತದೆ. ಇದನ್ನು ರಕ್ತದ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಕೆಟ್ಟ ಬಾಲ್ಯವೇ ಕಾರಣ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಲಂಡನ್ನಿನ ಜಾನ್ ಬೌಲ್ಬಿ 1944ರಲ್ಲಿ, ತಾವು ಚಿಕಿತ್ಸಾಲಯದಲ್ಲಿ ಕಂಡ 44 ಬಾಲಕಳ್ಳರ ಬಗ್ಗೆ ಬರೆದರು. ಯಾರ ಮೇಲೂ ಪ್ರೀತಿಯೇ ಇಲ್ಲದವರೆಂದು ಅವರು ಗುರುತಿಸಿದ 14 ಮಕ್ಕಳಲ್ಲಿ 12 ಮಂದಿ ಎಳವೆಯಲ್ಲಿ ಬಹುಕಾಲ ತಾಯಿಯಿಂದ ಅಗಲಿದ್ದವರು. ಉಳಿದ 30 ಮಂದಿಯಲ್ಲಿ ಹಾಗಿದ್ದವರು ಐವರು ಮಾತ್ರ. ಗಟ್ಟಿ ಸಾಕ್ಷ್ಯದಂತೆ ಕಾಣುತ್ತದೆ. ಆದರೆ ಯಾರು ಪ್ರೀತಿಯಿಲ್ಲದವರು ಎಂದು ತೀರ್ಮಾನಿಸಿದ್ದೂ ಬೌಲ್ಬಿ, ಅಗಲಿಕೆಯ ಕಥೆ ಕೇಳಿದ್ದೂ ಬೌಲ್ಬಿ.

ನನಗೆ ಹೆಚ್ಚು ನಂಬಿಕೆ ಕ್ಯಾಥಿ ವಿಡಮ್ ಅವರ 1989ರ ಅಧ್ಯಯನದ ಮೇಲೆ. ಹೊಡೆತ, ನಿರ್ಲಕ್ಷ್ಯಕ್ಕೆ ಗುರಿಯಾದ ಮಕ್ಕಳಲ್ಲಿ ನೂರಕ್ಕೆ 26 ಮಂದಿ ಮುಂದೆ ಬಾಲಾಪರಾಧಕ್ಕಾಗಿ ಬಂಧಿತರಾದರು. ಅದೇ ವಯಸ್ಸು, ಅದೇ ಬಗೆಯ ನೆರೆಹೊರೆಯ ಇತರ ಮಕ್ಕಳಲ್ಲಿ 17. ಹೆಚ್ಚಳ ನಿಜ, ಸಣ್ಣದೇನಲ್ಲ. ಆದರೆ ಏಟು ತಿಂದು ಬೆಳೆದ ನೂರರಲ್ಲಿ 74 ಮಂದಿ ಆ ದಾರಿ ಹಿಡಿಯಲಿಲ್ಲ ಎನ್ನುವುದೂ ಅದೇ ಸಂಖ್ಯೆಯಲ್ಲಿದೆ. ‘ಅವನ ಅಪ್ಪ ಕುಡುಕ, ಇವನು ಹೀಗಾಗದೆ ಇನ್ನೇನು’ ಎನ್ನುವವರು ಆ 74 ಮಂದಿಯನ್ನು ಮರೆತಿರುತ್ತಾರೆ.

ಸಿನಿಮಾ, ಮೊಬೈಲ್ ಗೇಮ್ ನೋಡಿ ಕೆಡುತ್ತಾರೆಯೇ?

ಮಕ್ಕಳು ನೋಡಿ ಕಲಿಯುತ್ತಾರೆ ಎಂಬುದನ್ನು ಆಲ್ಬರ್ಟ್ ಬಂಡೂರ 1961ರಲ್ಲಿ 72 ಮಕ್ಕಳೊಂದಿಗೆ ತೋರಿಸಿಕೊಟ್ಟರು: ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಹೊಡೆದದ್ದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಹೊಡೆದವು. ಗೊಂಬೆಗೂ ಮನುಷ್ಯನಿಗೂ ಇರುವ ದೂರ ಮಾತ್ರ ದೊಡ್ಡದು. ಸಿನಿಮಾದಿಂದ ಮಚ್ಚು ಹಿಡಿಯುವ ಶೈಲಿ ಕಲಿಯಬಹುದು. ಮಚ್ಚು ಹಿಡಿಯಬೇಕೆಂಬ ಅಗತ್ಯ ಹುಟ್ಟುವುದು ಮನೆ ಮತ್ತು ಗೆಳೆಯರ ಗುಂಪಿನಲ್ಲಿ.

ಹದಿಹರೆಯದವರೇ ಏಕೆ ಹೆಚ್ಚು?

ಹಲವು ದೇಶಗಳಲ್ಲಿ ಅಪರಾಧದ ಗೆರೆ ಹದಿಹರೆಯದ ಕೊನೆಯ ವರ್ಷಗಳಲ್ಲಿ ತುದಿಗೇರಿ, ಇಪ್ಪತ್ತರ ಆಚೆ ಇಳಿಯುತ್ತದೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಇವತ್ತಿಗೂ ಹಿಂಬಾಲಿಸುತ್ತಿದ್ದಾರೆ. ಅದರ ಆಧಾರದ ಮೇಲೆ ಟೆರಿ ಮೊಫಿಟ್ 1993ರಲ್ಲಿ ಎರಡು ದಾರಿಗಳನ್ನು ಗುರುತಿಸಿದರು. ಮೂರು ನಾಲ್ಕು ವರ್ಷದಿಂದಲೇ ಕಚ್ಚುವುದು, ಹೊಡೆಯುವುದು ಆರಂಭಿಸಿ ನಡುವಯಸ್ಸಿಗೂ ಬಿಡದವರು ಒಂದು ಸಣ್ಣ ಗುಂಪು. ಹದಿಹರೆಯದಲ್ಲಿ ಮಾತ್ರ ತಪ್ಪು ದಾರಿ ಹಿಡಿದು, ಕೆಲಸ ಸಂಸಾರ ಬಂದಾಗ ತಾನಾಗಿ ಬಿಡುವವರು ದೊಡ್ಡ ಗುಂಪು. ಹದಿನಾರನೇ ವಯಸ್ಸಿನಲ್ಲಿ ಇಬ್ಬರೂ ನೋಡಲು ಒಂದೇ ಥರ. ದೊಡ್ಡ ಗುಂಪಿನವನನ್ನು ಸಣ್ಣ ಗುಂಪಿನವನೆಂದು ತಿಳಿದು ಜೈಲಿಗೆ ತಳ್ಳಿದರೆ, ತಾನಾಗಿ ಬಿಡುತ್ತಿದ್ದವನಿಗೆ ಬಿಡಲಾಗದ ಸಹವಾಸ ಕಟ್ಟಿಕೊಟ್ಟಂತೆ.

ಗೆಳೆಯರ ಪಾತ್ರ ಎಷ್ಟೆಂದು ತಿಳಿಯಲು ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಬಳಸಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ಬಹಳ ಹೆಚ್ಚಿತು. ದೊಡ್ಡವರಲ್ಲಿ ವ್ಯತ್ಯಾಸ ಕಾಣಲಿಲ್ಲ.

ನಮ್ಮ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 16ರಿಂದ 18ರ ನಡುವಿನವರು ಘೋರ ಅಪರಾಧದ ಆರೋಪಿಗಳಾದರೆ, ಅವರ ಮಾನಸಿಕ ಸಾಮರ್ಥ್ಯವನ್ನು ಬಾಲನ್ಯಾಯ ಮಂಡಳಿ ಮೊದಲು ಅಂದಾಜು ಮಾಡಬೇಕು. ಮಂಡಳಿಯಲ್ಲೇ ಮಕ್ಕಳ ಮನಸ್ಸು ಬಲ್ಲ ಪರಿಣತರಿಲ್ಲದಿದ್ದರೆ ಆ ಅಂದಾಜಿಗೆ ಮನಶ್ಶಾಸ್ತ್ರಜ್ಞರಂಥವರ ನೆರವು ಬೇಕೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಕೃತ್ಯ ನಡೆದ ದಿನ ಹುಡುಗನ ಮನಸ್ಸು ಎಷ್ಟು ಬಲಿತಿತ್ತು ಎಂದು ತಿಂಗಳ ನಂತರ ಅಳೆಯಬಲ್ಲ ಪರೀಕ್ಷೆ ಮಾತ್ರ ನಮ್ಮ ಶಾಸ್ತ್ರದ ಕೈಯಲ್ಲಿಲ್ಲ.

ಗಂಡಸರೇ ಯಾಕೆ ಹೆಚ್ಚು?

ಭಾರತದ ಜೈಲುಗಳಲ್ಲಿ ಮಹಿಳೆಯರು ನೂರಕ್ಕೆ ನಾಲ್ಕರಷ್ಟು. ಡುನೆಡಿನ್‌ನಲ್ಲಿ ಎಳವೆಯಿಂದಲೇ ಆರಂಭವಾಗುವ ಗುಂಪಿನಲ್ಲಿ ಒಬ್ಬ ಹುಡುಗಿಗೆ ಸುಮಾರು ಹತ್ತು ಹುಡುಗರು. ಹದಿಹರೆಯದ ಗುಂಪಿನಲ್ಲಿ ಅಂತರ ತೀರಾ ಕಡಿಮೆ. ಹಾರ್ಮೋನಿಗೆ ಎಷ್ಟು ಪಾಲು, ರಾತ್ರಿ ಹತ್ತರ ಮೇಲೆ ಯಾರನ್ನು ಹೊರಗೆ ಬಿಡುತ್ತೇವೆ ಎಂಬುದಕ್ಕೆ ಎಷ್ಟು ಪಾಲು ಎಂಬ ವಾದ ಮುಗಿದಿಲ್ಲ.

ಮಾಡುತ್ತಿರುವುದು ತಪ್ಪು ಎಂದು ಅವರಿಗೆ ಗೊತ್ತಿರುವುದಿಲ್ಲವೇ?

ಗೊತ್ತಿರುತ್ತದೆ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

1957ರಲ್ಲಿ ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಹೇಳಿದ್ದು: ಅಪರಾಧ ಮಾಡುವ ಹುಡುಗರಿಗೆ ನಮ್ಮದಕ್ಕಿಂತ ಬೇರೆಯಾದ ನೀತಿಯೇನೂ ಇಲ್ಲ. ಅದೇ ನೀತಿಯನ್ನು ಅವರು ಸ್ವಲ್ಪ ಹೊತ್ತು ಪಕ್ಕಕ್ಕಿಡುತ್ತಾರೆ, ಹಾಗೆ ಇಡಲು ಅವರಿಗೆ ಐದು ಮಾತು ಸಾಕು. ನಮ್ಮ ಬಾಯಲ್ಲಿ ಅವು ಹೀಗಿರುತ್ತವೆ: ‘ಕುಡಿದಿದ್ದೆ, ನನ್ನ ಕೈಲೇನಿತ್ತು.’ ‘ಅವರಿಗೇನು ಕಮ್ಮಿ ಆಯ್ತು, ಇನ್ಶೂರೆನ್ಸ್ ಬರುತ್ತಲ್ಲ.’ ‘ಅವನಿಗೆ ಹಾಗೇ ಆಗಬೇಕಿತ್ತು.’ ‘ಪೊಲೀಸರೇನು ಸಾಚಾನಾ?’ ‘ಫ್ರೆಂಡ್‌ಗೋಸ್ಕರ ಮಾಡ್ದೆ.’ ಐದನೆಯದು ನಮ್ಮಲ್ಲಿ ಇನ್ನೂ ಭಾರವಾದ ರೂಪ ತಾಳುತ್ತದೆ: ಮನೆತನದ ಮರ್ಯಾದೆ. ಬೇರೆ ಜಾತಿಯವನನ್ನು ಮದುವೆಯಾದ ಮಗಳನ್ನು ಕೊಂದ ತಂದೆ ಅದನ್ನು ಕರ್ತವ್ಯವೆಂದೇ ಕರೆಯುತ್ತಾನೆ. ಅವನಿಗೆ ಮೆದುಳಿನ ಸ್ಕ್ಯಾನ್ ಮಾಡಿಸಿ ಪ್ರಯೋಜನವಿಲ್ಲ.

ಈ ಮಾತುಗಳು ಕೃತ್ಯದ ನಂತರ ಹುಟ್ಟುವ ನೆಪಗಳು ಮಾತ್ರವಲ್ಲ, ಎಷ್ಟೋ ಸಲ ಕೃತ್ಯಕ್ಕಿಂತ ಮೊದಲೇ ಬಾಗಿಲು ತೆರೆಯುತ್ತವೆ. ಡೊನಾಲ್ಡ್ ಕ್ರೆಸಿ ಹಣ ದುರುಪಯೋಗಕ್ಕಾಗಿ ಜೈಲಿನಲ್ಲಿದ್ದವರನ್ನು ಮಾತಾಡಿಸಿ 1953ರಲ್ಲಿ ಬರೆದದ್ದೂ ಇದನ್ನೇ. ಅವರಿಗೆ ಯಾರೊಂದಿಗೂ ಹೇಳಿಕೊಳ್ಳಲಾಗದ ಹಣದ ಬಿಕ್ಕಟ್ಟಿತ್ತು, ಬೀಗದ ಕೈ ತಮ್ಮಲ್ಲೇ ಇತ್ತು, ಮತ್ತು ‘ಸದ್ಯಕ್ಕೆ ಕೈಗಡ ತಗೊಂಡಿದ್ದೇನೆ, ಹಿಂದಕ್ಕೆ ಹಾಕುತ್ತೇನೆ’ ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಠೇವಣಿದಾರರ ಹಣ ಮುಳುಗಿದ ಯಾವುದೇ ಸಹಕಾರ ಸಂಘದ ಕಥೆಗೆ ಇದು ಹೊಂದುತ್ತದೆ. ಕಾರ್ಯದರ್ಶಿ ಊರಿನ ಗಣ್ಯ, ಬಾಲ್ಯ ಚೆನ್ನಾಗಿತ್ತು, ಕಿವಿ ದವಡೆಗಳೂ ನೆಟ್ಟಗಿವೆ.

ಅಂದಹಾಗೆ, ಬಾಡಿಗೆ ಕರಾರಿನಲ್ಲಿ ಕಡಿಮೆ ಮೊತ್ತ ಬರೆಸುವಾಗ ನಾವು ಹೇಳಿಕೊಳ್ಳುವುದೂ ಇದೇ ಐದರಲ್ಲಿ ಒಂದು.

ಕೋಪದಲ್ಲಿ ಒಂದು ಕ್ಷಣ ಬುದ್ಧಿ ಕೆಟ್ಟು ಮಾಡಿದ್ದು ಎನ್ನುವುದನ್ನು ನಂಬಬಹುದೇ?

ಕೆಲವೊಮ್ಮೆ. ಕಾಲು ತುಳಿದವನನ್ನು ‘ಬೇಕಂತಲೇ ತುಳಿದ’ ಎಂದು ಓದುವ ಅಭ್ಯಾಸ ಕೆಲವರಲ್ಲಿ ಚಿಕ್ಕಂದಿನಿಂದಲೇ ಗಟ್ಟಿಯಾಗಿರುತ್ತದೆ. ಅಂಥವರಿಗೆ ಕ್ಷಣ ಸಾಕು. ಗಂಭೀರ ಮತ್ತು ಹಠಾತ್ ಪ್ರಚೋದನೆಗೆ ಕಾನೂನೂ ರಿಯಾಯಿತಿ ಕೊಡುತ್ತದೆ, ಕೋಪ ತಣಿಯಲು ಸಮಯ ಸಿಕ್ಕಿರದಿದ್ದರೆ ಮಾತ್ರ. ನೌಕಾಪಡೆಯ ಅಧಿಕಾರಿ ನಾನಾವತಿ 1959ರಲ್ಲಿ ಹೆಂಡತಿಯ ಪ್ರಿಯಕರನನ್ನು ಕೊಂದಾಗ, ವಿಷಯ ತಿಳಿದದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು ಮೂರು ಗಂಟೆ. ಅಷ್ಟರಲ್ಲಿ ಅವರು ಮನೆಯವರನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತಂದಿದ್ದರು. ಸುಪ್ರೀಂ ಕೋರ್ಟ್ 1961ರಲ್ಲಿ ಆ ವಾದ ಒಪ್ಪಲಿಲ್ಲ.

ಸಯನೈಡ್ ಮೋಹನನಂಥವನನ್ನು ಮನಶ್ಶಾಸ್ತ್ರ ಹೇಗೆ ವಿವರಿಸುತ್ತದೆ?

ದಕ್ಷಿಣ ಕನ್ನಡದ ಮೋಹನ್ ಕುಮಾರ್ ಶಾಲಾ ಶಿಕ್ಷಕನಾಗಿದ್ದವನು. 2009ರಲ್ಲಿ ಸಿಕ್ಕಿಬಿದ್ದ, ಇಪ್ಪತ್ತು ಯುವತಿಯರ ಸಾವಿನ ಪ್ರಕರಣಗಳು ಅವನ ಮೇಲೆ ಬಂದವು. ಮಂಗಳೂರಿನ ನ್ಯಾಯಾಲಯ 2013ರಲ್ಲಿ ಮೊದಲ ಪ್ರಕರಣಗಳಲ್ಲಿ ಮರಣದಂಡನೆ ವಿಧಿಸಿತು, ಮುಂದೆ ಹೈಕೋರ್ಟ್ ಒಂದನ್ನು ಜೀವಾವಧಿಗೆ ಇಳಿಸಿತು. ಮದುವೆಯ ಮಾತು ಕೊಟ್ಟು ಬೇರೆ ಊರಿಗೆ ಕರೆದೊಯ್ಯುವುದು, ಬೆಳಿಗ್ಗೆ ಒಡವೆ ಬಿಚ್ಚಿಟ್ಟು ಬರಲು ಹೇಳಿ, ಗರ್ಭ ತಡೆಯುವ ಗುಳಿಗೆಯೆಂದು ಸಯನೈಡ್ ಕೊಟ್ಟು, ಬಸ್ ನಿಲ್ದಾಣದ ಶೌಚಾಲಯದಲ್ಲಿ ನುಂಗಲು ಕಳಿಸುವುದು.

ಭ್ರಮೆ, ದನಿ, ತಡೆಯಲಾಗದ ಕೋಪ ಯಾವುದೂ ಇಲ್ಲ. ಅನುಕಂಪದ ಬರವನ್ನು ಕುರಿತು ಬೇಕಾದಷ್ಟು ಬರೆಯಬಹುದು. ಆದರೆ ಅವನ ತಲೆಯನ್ನಷ್ಟೇ ಕೆದಕಿದರೆ ಈ ಪ್ರಕರಣ ಅರ್ಥವಾಗುವುದಿಲ್ಲ. ವರದಕ್ಷಿಣೆ ಕೇಳದ ಗಂಡು ಸಿಕ್ಕನೆಂದರೆ ಬಡಮನೆಯ ಹುಡುಗಿಗೆ ಅದೆಷ್ಟು ದೊಡ್ಡ ಮಾತು. ಓಡಿಹೋದಳೆಂದು ದೂರು ಕೊಡಲು ಹಿಂಜರಿಯುವ ಮನೆಯವರು. ಒಂದೊಂದು ಊರಿನ ಠಾಣೆಯಲ್ಲಿ ಒಂದೊಂದು ಅಸಹಜ ಸಾವೆಂದು ಮುಚ್ಚಿಹೋದ ಕಡತ. ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಹೇಳಿದಂತೆ ಅಪರಾಧಕ್ಕೆ ಮಾಡುವ ಮನಸ್ಸೊಂದೇ ಸಾಲದು. ಕೈಗೆ ಸಿಗುವ ಗುರಿ ಬೇಕು, ಕಾಯುವವರು ಇಲ್ಲದಿರಬೇಕು. ಎರಡನ್ನೂ ನಾವು ಒದಗಿಸಿದ್ದೆವು.

ಹುಚ್ಚು ಎಂದು ಹೇಳಿ ಶಿಕ್ಷೆ ತಪ್ಪಿಸಿಕೊಳ್ಳಬಹುದೇ?

ಅಷ್ಟು ಸುಲಭವಲ್ಲ. 1843ರಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬವನು ಇಂಗ್ಲೆಂಡಿನ ಪ್ರಧಾನಿಯ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದು, ಬುದ್ಧಿಭ್ರಮಣೆಯ ಕಾರಣಕ್ಕೆ ಖುಲಾಸೆಯಾದ. ಆ ಗದ್ದಲದಿಂದ ಹುಟ್ಟಿದ ನಿಯಮವೇ ನಮ್ಮ ದಂಡಸಂಹಿತೆಯ 84ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು. ಕಾಯಿಲೆಯ ಚೀಟಿ ತೋರಿಸಿದರೆ ಸಾಲದು. ಕೃತ್ಯ ನಡೆದ ಹೊತ್ತಿನಲ್ಲೇ ತಾನು ಮಾಡುತ್ತಿರುವುದೇನು ಎಂದಾಗಲೀ, ಅದು ತಪ್ಪು ಎಂದಾಗಲೀ ತಿಳಿಯದ ಸ್ಥಿತಿಯಲ್ಲಿದ್ದೆ ಎಂದು ಆರೋಪಿಯೇ ತೋರಿಸಿಕೊಡಬೇಕು. ಕೃತ್ಯದ ನಂತರ ರಕ್ತದ ಬಟ್ಟೆ ಬಚ್ಚಿಟ್ಟಿದ್ದರೆ ವಾದ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಮೆಕ್‌ನಾಟನ್ ಕೂಡ ಮನೆಗೆ ಹೋಗಲಿಲ್ಲ. ಸಾಯುವವರೆಗೆ ಆಸ್ಪತ್ರೆಯಲ್ಲಿ ಬಂದಿಯಾಗಿಯೇ ಇದ್ದ.

ಶಿಕ್ಷೆಯ ಪ್ರಮಾಣದ ಮಾತು ಬೇರೆ. ಮರಣದಂಡನೆ ವಿಧಿಸುವ ಮುನ್ನ ಆರೋಪಿಯ ಮನೋವೈದ್ಯಕೀಯ ವರದಿ ನ್ಯಾಯಾಲಯದ ಮುಂದೆ ಬರಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ನಿರ್ದೇಶಿಸಿದೆ. ಮನಶ್ಶಾಸ್ತ್ರದ ವಿವರಣೆಗೆ ನಿಜವಾದ ಜಾಗ ಅಲ್ಲಿ.

ನಾರ್ಕೊ, ಬ್ರೈನ್ ಮ್ಯಾಪಿಂಗ್ ಮಾಡಿದರೆ ಸತ್ಯ ಹೊರಬರುತ್ತದಲ್ಲವೇ?

ನಾರ್ಕೊ ಎಂದರೆ ಮಂಪರಿನ ಔಷಧ ಕೊಟ್ಟು ಪ್ರಶ್ನೆ ಕೇಳುವುದು, ಬ್ರೈನ್ ಮ್ಯಾಪಿಂಗ್ ಎಂದರೆ ಮೆದುಳಿನ ತರಂಗಗಳನ್ನು ಅಳೆಯುವುದು. ಬೆಂಗಳೂರು ಒಂದು ಕಾಲಕ್ಕೆ ದೇಶದ ನಾರ್ಕೊ ರಾಜಧಾನಿಯಂತಿತ್ತು. ಛಾಪಾಕಾಗದ ಹಗರಣದ ತೆಲಗಿಯನ್ನೂ ಇಲ್ಲೇ ಪರೀಕ್ಷಿಸಿದ್ದರು. ನಾರ್ಕೊ ಔಷಧ ನಾಲಿಗೆಯನ್ನು ಸಡಿಲಿಸುತ್ತದೆ, ಸತ್ಯವನ್ನು ಸೋಸುವುದಿಲ್ಲ. ಮಂಪರಿನಲ್ಲಿ ಕಲ್ಪನೆಯೂ ಹೊರಬರುತ್ತದೆ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ನಾರ್ಕೊ, ಪಾಲಿಗ್ರಾಫ್ (ಸುಳ್ಳುಪತ್ತೆ ಯಂತ್ರ), ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದಿತು. ಇನ್ನು ಮುಖ ನೋಡಿ ಸುಳ್ಳು ಹಿಡಿಯುತ್ತೇನೆ ಎನ್ನುವವರಿಗೆ: ಬಾಂಡ್ ಮತ್ತು ಡಿಪೌಲೊ 2006ರಲ್ಲಿ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಜನರ ಊಹೆ ಸರಿಯಾದದ್ದು ನೂರಕ್ಕೆ 54. ನಾಣ್ಯ ಚಿಮ್ಮಿದರೆ 50.

ಅಪರಾಧಿ ಬದಲಾಗುತ್ತಾನೆಯೇ?

ಬಹುತೇಕರು ಬದಲಾಗುತ್ತಾರೆ, ಎಷ್ಟೋ ಸಲ ನಮ್ಮ ಉಪದೇಶದ ನೆರವಿಲ್ಲದೆ. ಬಾಸ್ಟನ್ನಿನ 500 ಬಾಲಾಪರಾಧಿಗಳ ಹಳೆಯ ದಾಖಲೆಗಳನ್ನು ಹಿಡಿದು ಜಾನ್ ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಅವರ ಮುಂದಿನ ಬದುಕನ್ನು ಹುಡುಕಿದರು. ದಾರಿ ತಿರುಗಿಸಿದ್ದು ಸ್ಥಿರವಾದ ಕೆಲಸ, ಸೈನ್ಯ, ಕೈಹಿಡಿದು ನಿಂತ ಸಂಗಾತಿ. ತನ್ನ ಆಲೋಚನೆಯನ್ನು ತಾನೇ ತಡೆದು ಪರೀಕ್ಷಿಸಲು ಕಲಿಸುವ ಚಿಕಿತ್ಸೆಯಿಂದ ಮರಳಿ ಅಪರಾಧ ಮಾಡುವುದು ಕಡಿಮೆಯಾಗುತ್ತದೆ ಎಂಬುದಕ್ಕೂ ಒಳ್ಳೆಯ ಪುರಾವೆಯಿದೆ.

ಹೆದರಿಸುವುದರಿಂದ ಆಗುವುದಿಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಪುಂಡ ಹುಡುಗರನ್ನು ಜೈಲಿಗೆ ಕರೆದೊಯ್ದು ಜೀವಾವಧಿ ಕೈದಿಗಳಿಂದ ಬೈಸುವ ಕಾರ್ಯಕ್ರಮ ಭಾರೀ ಜನಪ್ರಿಯವಾಯಿತು. ಲೆಕ್ಕ ಹಾಕಿದಾಗ, ಹೋಗಿಬಂದವರೇ ಹೋಗದವರಿಗಿಂತ ಹೆಚ್ಚು ಕೆಟ್ಟಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೂ ತಿರುಗಿಬೀಳಬಹುದು: 1939ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಡುಗರಿಗೆ ವರ್ಷಗಟ್ಟಲೆ ಆಪ್ತಸಲಹೆ, ಪಾಠ, ಶಿಬಿರ ಕೊಟ್ಟ ಯೋಜನೆಯನ್ನು ಜೋನ್ ಮೆಕಾರ್ಡ್ ಮೂವತ್ತು ವರ್ಷಗಳ ಮೇಲೆ ಪರಿಶೀಲಿಸಿದರೆ, ನೆರವು ಪಡೆದವರ ಬದುಕೇ ಕೆಲವು ವಿಷಯಗಳಲ್ಲಿ ಹೆಚ್ಚು ಹದಗೆಟ್ಟಿತ್ತು. ಪುಂಡರನ್ನೆಲ್ಲ ಒಂದು ಶಿಬಿರದಲ್ಲಿ ಸೇರಿಸಿದ್ದೇ ಕಾರಣ ಎನ್ನುವವರಿದ್ದಾರೆ.

ನಮ್ಮಲ್ಲಿ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಜೈಲುಗಳಲ್ಲಿ ಕೈದಿಗಳಿಂದ ನಾಟಕ ಆಡಿಸಿದ್ದಾರೆ. ಇನ್ನೊಬ್ಬನ ಪಾತ್ರದೊಳಗೆ ಹೊಕ್ಕು ಅವನ ನೋವನ್ನು ಆಡಿ ತೋರಿಸುವುದು ಆ ಐದು ಮಾತುಗಳಿಗೆ ನೇರ ಎದುರಿನ ಅಭ್ಯಾಸ.

ನನ್ನ ಮಗ ಮನೆಯಲ್ಲಿ ದುಡ್ಡು ಕದಿಯುತ್ತಿದ್ದಾನೆ, ಸುಳ್ಳು ಹೇಳುತ್ತಾನೆ. ಇದು ಮುಂದಿನ ಅಪರಾಧದ ಲಕ್ಷಣವೇ?

ಇಷ್ಟರಿಂದಲೇ ಅಲ್ಲ. ಬಹಳ ಮಕ್ಕಳು ಒಂದು ಹಂತದಲ್ಲಿ ಕದಿಯುತ್ತಾರೆ. ಪ್ರಾಣಿಗಳನ್ನು ಹಿಂಸಿಸುವುದು, ಬೆಂಕಿ ಹಚ್ಚುವುದು, ಚಿಕ್ಕವರನ್ನು ಪದೇ ಪದೇ ಹೊಡೆದು ಸಂತೋಷಪಡುವುದು, ಹತ್ತು ವರ್ಷದೊಳಗೇ ರಾತ್ರಿ ಮನೆಗೆ ಬಾರದಿರುವುದು ಇವು ಸೇರಿಕೊಂಡು ತಿಂಗಳಾನುಗಟ್ಟಲೆ ನಡೆದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಹೊಡೆಯುವುದಕ್ಕಿಂತ, ಯಾರ ಜೊತೆ ಇರುತ್ತಾನೆ, ದುಡ್ಡು ಎಲ್ಲಿಗೆ ಹೋಗುತ್ತಿದೆ, ಅವನನ್ನು ಯಾರಾದರೂ ಹೆದರಿಸಿ ತರಿಸುತ್ತಿದ್ದಾರೆಯೇ ಎಂದು ಮೊದಲು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಗುವಿನ ಮೇಲೆ ಬೇರೆಯವರಿಂದ ದೌರ್ಜನ್ಯ ನಡೆಯುತ್ತಿರುವ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098.